ಸ್ಪಷ್ಟನೆ: ‘.32’ ಎಂದಿದ್ದ ಮಾತ್ರಕ್ಕೆ ತೋಟಾ ಒಂದೇ ಅಲ್ಲ

‘ಪಿಸ್ತೂಲಿನ .32 ತೋಟಾ ರಿವಾಲ್ವರಿಗೂ ಆಗುತ್ತದೆ, ಯಾವುದು ಕೊಂಡರೂ ಒಂದೇ’ ಎಂಬ ಸಂದೇಶ ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. .32 ಎಂಬುದು ಇಂಚಿನ ಲೆಕ್ಕದಲ್ಲಿ ಗುಂಡಿನ ಅಡ್ಡಳತೆಯ ಹೆಸರಷ್ಟೇ.

ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಬೇಕಾದ್ದು ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಎಂಬ ತೋಟಾ; ಅದರ ಕೇಸಿನ (ಲೋಹದ ಕವಚದ) ಉದ್ದ ಸುಮಾರು 23 ಮಿ.ಮೀ. ‘ಅಶನಿ’ ಪಿಸ್ತೂಲಿನದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ತೋಟಾ, ಕೇಸು ಸುಮಾರು 17 ಮಿ.ಮೀ. ಉದ್ದನೆಯದು ಪಿಸ್ತೂಲಿನ ಮ್ಯಾಗಜೀನಿಗೆ (ತೋಟಾ ತುಂಬುವ ಪೆಟ್ಟಿಗೆಗೆ) ಹಿಡಿಸುವುದೇ ಇಲ್ಲ, ಆ ಚಿಂತೆ ಬೇಡ. ಗಿಡ್ಡದ್ದು ಕೆಲವು ರಿವಾಲ್ವರುಗಳಲ್ಲಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ಅಮೆರಿಕದ ಬಂದೂಕು-ತೋಟಾ ತಯಾರಕರ ಸಂಸ್ಥೆ ಸಾಮಿಯ ಮಾನದಂಡದಂತೆ, ಸಿಡಿದಾಗ ಲಾಂಗ್‌ನ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸಿಪಿಯದು 20,500; ಲಾಂಗ್‌ಗೆಂದು ಮಾಡಿದ ರಿವಾಲ್ವರಿಗೆ ಅದು ಹೆಚ್ಚು.

ಕೊಳ್ಳುವ ಮುನ್ನ ಬ್ಯಾರೆಲ್ ಮೇಲಿನ ಕೆತ್ತನೆಯನ್ನೂ ತೋಟಾದ ಬುಡದ ಗುರುತನ್ನೂ ತಾಳೆ ನೋಡಿ. ಮ್ಯಾಗಜೀನಿಗೆ ಎಸಿಪಿ ತುಂಬುವಾಗ ಮೇಲಿನ ತೋಟಾದ ಬುಡದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಲಿ. ಅದು ಕೆಳಗಿನದರ ಅಂಚಿನ ಹಿಂದೆ ಕೊಕ್ಕೆ ಹಾಕಿಕೊಂಡರೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಷ್ಟು ತಳ್ಳಿದರೂ ತೋಟಾ ಮೇಲೇರದು, ಮ್ಯಾಗಜೀನ್ ತೆಗೆದೇ ಬಿಡಿಸಬೇಕು.