ಮಾಡೆಲ್ ಕಟ್ಟಡದ ಕಿಟಕಿಗೆ ಆಳ ಬೇಕು

ಕೊಡಗಿನಲ್ಲಿ ರೈಲು ಹಳಿ ಇಲ್ಲ. ರೈಲು ಹತ್ತಬೇಕಾದರೆ ನಾವು ಮೈಸೂರಿಗೆ ಹೋಗಬೇಕು. ಆದರೂ ರೈಲು ಮಾಡೆಲ್ ಹುಚ್ಚು ನನಗೆ ಚಿಕ್ಕಂದಿನಿಂದ ಇದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಾದಾಗ ಮೈಸೂರು ಕಡೆಯ ಹಳೇ ಸ್ಟೇಷನ್‌ಗಳ ಮಾದರಿಯನ್ನು ಎಚ್‌ಓ ಸ್ಕೇಲಿನಲ್ಲಿ ಕಟ್ಟುತ್ತೇನೆ. ಅಂದರೆ ನಿಜವಾದ ಅಳತೆಯ 87ರಲ್ಲಿ ಒಂದು ಪಾಲು.

ಒಂದು ಮಾತು ಹೇಳಲೇಬೇಕು. ಗೋಡೆಯ ಬಣ್ಣ, ಹೆಂಚಿನ ಪಾಚಿಗೆ ವಾರಗಟ್ಟಲೆ ಕೂರುವವರು ಕಿಟಕಿಯನ್ನು ಮಾತ್ರ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಹೊಳೆಯುವ ಪ್ಲಾಸ್ಟಿಕ್ ಹಾಳೆ ಒಳಗಿಂದ ಅಂಟಿಸಿದರೆ ಆಯಿತು. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಅಲ್ವಾ?

9 ಇಂಚಿನ ಇಟ್ಟಿಗೆ ಗೋಡೆ ಈ ಸ್ಕೇಲಿನಲ್ಲಿ 2.6 ಮಿ.ಮೀ. ದಪ್ಪ ಇರಬೇಕು. ಒಂದೂವರೆ ಅಡಿಯ ಕಲ್ಲುಗೋಡೆಯಾದರೆ 5 ಮಿ.ಮೀ. ದಾಟುತ್ತದೆ. ಗೋಡೆಗೆ ನಾವು ಬಳಸುವ ಹಾಳೆಯೋ, ಸಾಮಾನ್ಯವಾಗಿ 1 ಮಿ.ಮೀ. ಹಾಗಾಗಿ ಕಿಟಕಿ ಗೋಡೆ ಮೇಲೆ ಬರೆದ ಚಿತ್ರದ ಹಾಗೆ ಕಾಣುತ್ತದೆ. ತೆರಪಿನ ಸುತ್ತ ಒಳಗಡೆ ಪಟ್ಟಿ ಅಂಟಿಸಿ ದಪ್ಪ ಮಾಡಿ, ಚೌಕಟ್ಟನ್ನು ಹಿಂದಕ್ಕೆ ಕೂರಿಸಿ. ಅಂಚಿನ ನೆರಳು ಬಿದ್ದ ತಕ್ಷಣ ಗೋಡೆಗೆ ತೂಕ ಬರುತ್ತದೆ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಕೆತ್ತನೆ ಕಿಟಕಿ ನೋಡಿ ಬೆಳೆದವರು ನಾವು. ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ?

ಇನ್ನು ಸರಳು. ಹೊರದೇಶದ ಕಿಟ್‌ಗಳಲ್ಲಿ ಮೇಲೆ ಕೆಳಗೆ ಜಾರುವ ಗಾಜಿನ ಕಿಟಕಿ ಜಾಸ್ತಿ. ನಮ್ಮ ಹಳೇ ಕಟ್ಟಡಕ್ಕೆ ಅದು ಒಗ್ಗುವುದಿಲ್ಲ. ನಮಗೆ ಮರದ ಚೌಕಟ್ಟು, ಕಬ್ಬಿಣದ ಸರಳು, ಮರದ ಬಾಗಿಲು ಬೇಕು. ತೆಳು ಕರೆಂಟ್ ವೈರಿನ ಒಳಗೆ 0.2 ಮಿ.ಮೀ. ತಾಮ್ರದ ಎಳೆಗಳು ಸಿಗುತ್ತವೆ. 87ರಿಂದ ಗುಣಿಸಿ ನೋಡಿ, ಸುಮಾರು 17 ಮಿ.ಮೀ. ಸರಳು! ಎರಡು ತುದಿ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರೆ ಎಳೆ ನೇರವಾಗುತ್ತದೆ. ಒಂದಕ್ಕೊಂದು 1.3 ಮಿ.ಮೀ. ದೂರ ಇಟ್ಟು ಅಂಟಿಸಿ. ಅಚ್ಚಿನ ಪ್ಲಾಸ್ಟಿಕ್ ಸರಳಿಗೆ ಈ ನಾಜೂಕು ಬರುವುದಿಲ್ಲ.

ಗಾಜು ಬೇಕೇ ಬೇಕಾದ ಕಡೆ ಮೈಕ್ರೋಸ್ಕೋಪಿಗೆ ಬಳಸುವ ಕವರ್ ಗ್ಲಾಸ್ ಹಾಕಿ. ಸುಮಾರು 0.15 ಮಿ.ಮೀ. ದಪ್ಪದ ನಿಜವಾದ ಗಾಜು ಅದು. ಸೂಪರ್ ಗ್ಲೂ ಮಾತ್ರ ಹತ್ತಿರ ತರಬೇಡಿ. ಅದರ ಆವಿ ಕೂತು ಸುತ್ತಲೂ ಬೆಳ್ಳಗಾಗುತ್ತದೆ, ನಮ್ಮ ಜುಲೈ ತಿಂಗಳ ತೇವದಲ್ಲಂತೂ ಇನ್ನೂ ಜಾಸ್ತಿ. ಫೆವಿಕಾಲ್ ಥರದ ಬಿಳಿ ಅಂಟು ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ. ರಾತ್ರಿಯಿಡೀ ಬಿಡಿ.

ಕಿಟಕಿ ಹಿಂದೆ ಕಪ್ಪು ಕಾಗದವನ್ನು ಸುಮ್ನೆ ಒತ್ತಿ ಅಂಟಿಸಬೇಡಿ. ಎರಡು ಸೆಂ.ಮೀ. ಹಿಂದೆ ನಿಲ್ಲಿಸಿ, ಒಳಗೊಂದು ಕೋಣೆ ಇರುವಂತೆ ಕಾಣುತ್ತದೆ. ಕಿಟಕಿಯ ಬಾಗಿಲುಗಳೂ ಅಷ್ಟೇ, ಒಂದು ಮುಚ್ಚಿರಲಿ, ಇನ್ನೊಂದು ಅರ್ಧ ತೆರೆದಿರಲಿ.

ಈಗ ಎಲ್ಲೆಲ್ಲೂ ಹಳೇ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸುತ್ತಿದ್ದಾರೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೇ ಕಿಟಕಿ ಉಳಿದಿದ್ದರೆ ದಯವಿಟ್ಟು ಟೇಪು ಹಿಡಿದು ಅಳೆದಿಡಿ. ಚೌಕಟ್ಟಿನ ಅಗಲ, ಸರಳಿನ ದಪ್ಪ, ಗೋಡೆಯ ಆಳ. ಎದುರಿನಿಂದ ಒಂದು ಫೋಟೋ ತೆಗೆದು ನನಗೂ ಕಳಿಸಿ.