ಸತ್ಯಾಂಶ: ಬಾಣದ ಆಚೆ ಏನೂ ಮಾಯವಾಗುವುದಿಲ್ಲ

‘2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು, ಎಡಗಡೆ ಮೂರು, ಬಲಗಡೆ ಎರಡೇ, ಹಾಗಾದರೆ ಒಂದು ಪಾಲು ನಾಶವಾಯಿತು’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಸಮೀಕರಣದಲ್ಲಿ ಹೆಸರಿನ ಎಡಕ್ಕಿರುವ ಅಂಕಿ, ಅಂದರೆ ಗುಣಾಂಕ, ಅಣುಗಳ ಎಣಿಕೆಯನ್ನು ಸೂಚಿಸುತ್ತದೆಯೇ ಹೊರತು ತೂಕವನ್ನಲ್ಲ. ಅಣುಗಳ ಸಂಖ್ಯೆ ಬದಲಾಗಬಹುದು. ಬದಲಾಗದೆ ಉಳಿಯಬೇಕಾದದ್ದು ಪರಮಾಣುಗಳ ಸಂಖ್ಯೆ. ಹೈಡ್ರೋಜನ್ ಮತ್ತು ಆಕ್ಸಿಜನ್‌ಗಳ ಒಂದೊಂದು ಅಣುವಿನಲ್ಲೂ ಎರಡೆರಡು ಪರಮಾಣುಗಳಿರುವುದರಿಂದ ಎಡಗಡೆ ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್ ಪರಮಾಣುಗಳಿವೆ. ಬಲಗಡೆಯ ಎರಡು ನೀರಿನ ಅಣುಗಳನ್ನು ಬಿಡಿಸಿ ಎಣಿಸಿದರೂ ಅಷ್ಟೇ ಸಿಗುತ್ತವೆ. ತೂಗಿ ನೋಡುವುದಾದರೆ, ಸುಮಾರು 4 ಗ್ರಾಂ ಹೈಡ್ರೋಜನ್ 32 ಗ್ರಾಂ ಆಕ್ಸಿಜನ್‌ನೊಂದಿಗೆ ಪೂರ್ತಿಯಾಗಿ ವರ್ತಿಸಿದಾಗ 36 ಗ್ರಾಂ ನೀರು ಉಂಟಾಗುತ್ತದೆ.

ಲೆಕ್ಕ ಸರಿದೂಗಿಸಲು ಸೂತ್ರದೊಳಗಿನ ಕೆಳ ಅಂಕಿಯನ್ನು (ನೀರಿನ ಸೂತ್ರ H₂O ನಲ್ಲಿರುವ 2ರಂಥದ್ದನ್ನು) ತಿದ್ದಿದರಾಯಿತು ಎಂಬ ಸಲಹೆಯೂ ಅದೇ ಸಂದೇಶದಲ್ಲಿದ್ದು, ಅದು ಇನ್ನೂ ಅಪಾಯಕಾರಿ: ನೀರಿನ ಸೂತ್ರಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಬೇರೆಯೇ ವಸ್ತುವಾಗುತ್ತದೆ. ತಿದ್ದಬೇಕಾದದ್ದು ಸೂತ್ರದ ಎಡಕ್ಕಿರುವ ಗುಣಾಂಕವನ್ನು ಮಾತ್ರ.

ಇನ್ನು ಬಾಣವು ಬದಲಾವಣೆಯ ದಿಕ್ಕನ್ನು ತೋರಿಸುತ್ತದೆ. ಎರಡೂ ದಿಕ್ಕಿಗೆ ಸಾಗುವ ಕ್ರಿಯೆಗಳಿಗೆ ಜೋಡಿ ಬಾಣ ಬಳಸುವ ರೂಢಿಯನ್ನು ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ 1884ರಲ್ಲಿ ತಂದರು.