ಕಂಬಳಿ ತಾನೇ ಬಿಸಿ ಹುಟ್ಟಿಸುತ್ತದೆಯೇ? ಸತ್ಯಾಂಶ

ಬೀದರಿನಲ್ಲಿ ಚಳಿ ಶುರುವಾದರೆ ಸಾಕು, ಅದೇ ಮೆಸೇಜ್ ಮತ್ತೆ ಮೊಬೈಲಿಗೆ ಬರುತ್ತದೆ. ಉಣ್ಣೆ ಕಂಬಳಿ ತಾನೇ ಶಾಖ ಹುಟ್ಟಿಸುತ್ತದೆ, ಪಾಲಿಯೆಸ್ಟರ್ ರಜಾಯಿ ಮೈಶಾಖ ಹೀರಿಬಿಡುತ್ತದೆ ಅಂತ. ಎರಡೂ ಸರಿಯಲ್ಲ. ಶಾಖ ನಮ್ಮ ಮೈಯದ್ದೇ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅದನ್ನು ಬೇಗ ಹೊರಗೆ ಬಿಡುವುದಿಲ್ಲ, ಅಷ್ಟೇ. ರಜಾಯಿಯೂ ಅದೇ ಕೆಲಸ ಮಾಡುತ್ತದೆ.

ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ. ಒಂದನ್ನು ಕಂಬಳಿಯಲ್ಲಿ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ಕಂಬಳಿ ಬಿಸಿ ಕೊಡುವುದಾದರೆ ಒಳಗಿನದ್ದು ಮೊದಲು ಕರಗಬೇಕಲ್ವಾ? ಆಗುವುದು ಉಲ್ಟಾ. ಹೊರಗಿನದ್ದು ನೀರಾದಾಗಲೂ ಒಳಗಿನದ್ದು ಇನ್ನೂ ಗಟ್ಟಿ ಇರುತ್ತದೆ.

ಹಾಗಂತ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಉಣ್ಣೆ ತನ್ನ ತೂಕದ ಸುಮಾರು 30%ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಒಂಚೂರು ಶಾಖ ಬಿಡುವುದೂ ನಿಜ, ಆದರೆ ಅದು ರಾತ್ರಿಯಿಡೀ ಸಾಲುವಂಥದ್ದಲ್ಲ. ಪಾಲಿಯೆಸ್ಟರ್ ತೇವ ಹೀರುವುದೇ ಕಡಿಮೆ. ಬೆವರಿದರೆ ಮೈ ಅಂಟಂಟು. ಈ ಕಾರಣಕ್ಕೇ ನಾನು ಕಂಬಳಿ ಬಿಟ್ಟಿಲ್ಲ.

ಕಂಬಳಿ ನಿಜವಾಗಿ ಉಣ್ಣೆಯದ್ದೇ ಅಂತ ತಿಳಿಯಬೇಕಾದರೆ, ಕೊಂಡ ಮೇಲೆ ಅಂಚಿನ ಒಂದೇ ಒಂದು ಎಳೆ ಕಿತ್ತು, ಜೋಪಾನವಾಗಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.